ಅಕ್ಕನ ಮನೆಯ ಕಂಪ್ಯೂಟರ್ ಕೆಟ್ಟಾಗ

ಭಾವನ ಫೋನು ಬಂದಾಗ ತಮ್ಮ, ತಾನು ಕೆಲಸ ಮಾಡುವ ಕಂಪ್ಯೂಟರ್ ಅಂಗಡಿಯಲ್ಲಿ, ಯಾರದೋ ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. "ನಿನ್ನ ಡಬ್ಬ ಮತ್ತೆ ಮಲಗಿಬಿಟ್ಟಿದೆ. ಬಂದು ಎಬ್ಬಿಸು," ಎಂದಷ್ಟೇ ಹೇಳಿ ಭಾವ ಫೋನಿಟ್ಟ. ಹೇಗಿದ್ದೀಯ ಅಂತಿಲ್ಲ, ಅಮ್ಮ ಹೇಗಿದ್ದಾರೆ ಅಂತಿಲ್ಲ. ಮಾತನ್ನು ಹರಳೆಣ್ಣೆಯ ಹಾಗೆ ತೊಟ್ಟು ತೊಟ್ಟಾಗಿ ಬಿಡುವ ಮನುಷ್ಯ ಅವನು, ಬಿಟ್ಟ ತೊಟ್ಟೂ ಬಾಯಿಗೆ ರುಚಿಸುವಂಥದ್ದಲ್ಲ.

ತಮ್ಮನಿಗೆ ಒಂದು ಕಡೆ ನಾಚಿಕೆಯಾಯಿತು, ಒಂದು ಕಡೆ ಸಂತೋಷವೂ ಆಯಿತು. ನಾಚಿಕೆ ಯಾಕೆಂದರೆ ಆ ಕಂಪ್ಯೂಟರನ್ನು ಬಿಡಿಭಾಗ ತಂದು, ಒಂದೊಂದು ಸ್ಕ್ರೂ ತಿರುಗಿಸಿ, ಕೈಯಾರೆ ಕಟ್ಟಿಕೊಟ್ಟವನು ಅವನೇ. ಅಂಗಡಿಯಿಂದ ಅವನು ಕಟ್ಟಿ ಕಳಿಸಿದ ಕಂಪ್ಯೂಟರುಗಳೆಲ್ಲ ಊರು ತುಂಬಾ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದವು. ಸ್ವಂತ ಅಕ್ಕನಿಗೆ ಕಟ್ಟಿದ್ದೊಂದೇ ಆಗಾಗ ಕೆಡುತ್ತಿತ್ತು. ಸಂತೋಷ ಯಾಕೆಂದರೆ, ಅದು ಕೆಟ್ಟರೆ ಮಾತ್ರ ಅವನಿಗೆ ಅಕ್ಕನ ಮುಖ ನೋಡಲು ಸಿಗುತ್ತಿತ್ತು.

ಎಲ್ಲ ಶುರುವಾದದ್ದು ಒಂದು ಮಾತಿನಿಂದ. ಅಪ್ಪ ತೀರಿಕೊಂಡಾಗ ಮನೆ ತುಂಬಾ ನೆಂಟರು ಸೇರಿದ್ದರು. ದುಃಖದಲ್ಲಿದ್ದ ಅಮ್ಮ, ಎಲ್ಲರ ಎದುರಿಗೆ ಅಳಿಯನನ್ನು ಕೇಳಿಬಿಟ್ಟಳು: "ನನ್ನ ಮಗಳು ಯಾಕಪ್ಪಾ ಹೀಗೆ ಸೊರಗಿದಾಳೆ? ಹೊಟ್ಟೆಗೆ ಹಾಕ್ತೀರೋ ಇಲ್ವೋ?" ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಭಾವ ಆ ಗಳಿಗೆಯಲ್ಲೇ ಎದ್ದು ಅಕ್ಕನನ್ನು ಕರೆದುಕೊಂಡು ಹೊರಟವನು ಮತ್ತೆ ಅವಳನ್ನು ತವರಿನ ಹೊಸ್ತಿಲು ತುಳಿಯಲು ಬಿಡಲಿಲ್ಲ. ತವರಿನವರು ಅವನ ಹೊಸ್ತಿಲು ತುಳಿಯುವ ಹಾಗೂ ಇಲ್ಲ. ಅಮ್ಮ ಫೋನಿನಲ್ಲಿ ತಪ್ಪಾಯಿತೆಂದಳು, ಅತ್ತಳು. ಕಲ್ಲು ಕರಗಬೇಕು, ಆ ಮನುಷ್ಯ ಕರಗಲಿಲ್ಲ. ಅಕ್ಕನ ಕೈಗೆ ಫೋನು ಕೊಡುವುದೇ ಅಪರೂಪ. ಕೊಟ್ಟರೂ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂರುತ್ತಿದ್ದ. "ಚೆನ್ನಾಗಿದೀನಮ್ಮ" ಎನ್ನುವುದನ್ನು ಬಿಟ್ಟು ಅವಳಾದರೂ ಇನ್ನೇನು ಹೇಳಿಯಾಳು?

ಹಾಗೆ ನೋಡಿದರೆ ತಮ್ಮನಿಗೂ ಆ ಬಾಗಿಲು ಮುಚ್ಚಬೇಕಿತ್ತು. ಮುಚ್ಚದಂತೆ ಹಿಡಿದದ್ದು ಆ ಕಂಪ್ಯೂಟರೇ. ಅಕ್ಕ ಮನೆಯಲ್ಲೇ ಕೂತು ಪುಸ್ತಕಗಳ ಪುಟ ಕಟ್ಟುತ್ತಿದ್ದಳು. ಸಾಲು ಜೋಡಿಸುವುದು, ಚಿತ್ರ ಕೂರಿಸುವುದು, ಅಂಚು ಸರಿಮಾಡುವುದು. ಭಾವ ಒಂದು ಪ್ರೆಸ್ಸಿನ ಮ್ಯಾನೇಜರು. ಅವಳು ಕಟ್ಟಿದ ಪುಟಗಳನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟರೆ ಜೇಬಿನಲ್ಲಿಟ್ಟುಕೊಂಡು ಪ್ರೆಸ್ಸಿಗೆ ಒಯ್ಯುವವನೂ ಅವನೇ. ಕಂಪ್ಯೂಟರ್ ನಿಂತು ಪುಟ ತಡವಾದರೆ ಪ್ರೆಸ್ಸಿನಲ್ಲಿ ಅವನ ಮಾತು ನಡೆಯುತ್ತಿರಲಿಲ್ಲ. ರಿಪೇರಿಗೆಂದು ಹೊರಗಿನ ಗಂಡಸನ್ನು ಮನೆಯೊಳಗೆ ಬಿಡಲು ಮನಸ್ಸಿಲ್ಲ. ತಾನೇ ಮುಟ್ಟೋಣವೆಂದರೆ ಕರೆಂಟು ಕಂಡರೆ ಪ್ರಾಣಭಯ. ಚಿಕ್ಕಂದಿನಲ್ಲಿ ಒಮ್ಮೆ ಶಾಕ್ ಹೊಡೆಸಿಕೊಂಡಿದ್ದನಂತೆ. ಬಲ್ಬು ಬದಲಿಸಬೇಕಾದರೂ ಹೆಂಡತಿಯನ್ನೇ ಸ್ಟೂಲು ಹತ್ತಿಸಿ ತಾನು ಬಾಗಿಲ ಹತ್ತಿರ ನಿಲ್ಲುತ್ತಿದ್ದ. ಹೀಗಾಗಿ ಬೇರೆ ಗತಿಯಿಲ್ಲದೆ ಬಾಮೈದುನನನ್ನು ಕರೆಸುತ್ತಿದ್ದ.

ಈ ಸಲ ತಮ್ಮ ಒಂದು ಲೆಕ್ಕಾಚಾರ ಹಾಕಿಕೊಂಡೇ ಹೊರಟ. ಅಮ್ಮನಿಗೆ ಈಗೀಗ ಹಾಸಿಗೆಯಿಂದ ಏಳುವುದೇ ಕಷ್ಟವಾಗಿತ್ತು. "ಒಂದ್ಸಲ ಅವಳನ್ನ ಕಣ್ತುಂಬ ನೋಡಿಬಿಟ್ರೆ ಸಾಕಪ್ಪ," ಎಂದು ದಿನಾ ಹೇಳುತ್ತಿದ್ದಳು. ಭಾವನನ್ನು ಹೇಗಾದರೂ ಮೆಚ್ಚಿಸಿ, ಅಕ್ಕನನ್ನು ಒಂದು ಹೊತ್ತಿನ ಮಟ್ಟಿಗಾದರೂ ಕಳಿಸಿಕೊಡಿ ಎಂದು ಕೇಳಬೇಕು. ಮೆಚ್ಚಿಸುವುದು ಹೇಗೆ? ಪ್ರತಿ ಸಲವೂ ಭಾವ ಹಂಗಿಸುತ್ತಿದ್ದುದು ಒಂದೇ ಮಾತಿನಲ್ಲಿ: "ನಿಮ್ಮ ಮನೆಯವರು ಮಾಡಿದ್ದು ಯಾವುದು ತಾನೇ ನಿಲ್ಲುತ್ತೆ?" ಆ ಮಾತು ತಮ್ಮನಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ ಚುಚ್ಚುತ್ತಿತ್ತು. ಸರಿ, ಈ ಸಲ ರೋಗದ ಬೇರನ್ನೇ ಹುಡುಕಿ ಕಿತ್ತುಹಾಕುತ್ತೇನೆ, ಮತ್ತೆ ಕೆಡದ ಹಾಗೆ ಮಾಡುತ್ತೇನೆ, ಆಗಲಾದರೂ ಈ ಮನುಷ್ಯ ನಮ್ಮನ್ನು ಮನುಷ್ಯರೆಂದು ಕಂಡಾನು ಎಂದುಕೊಂಡು, ಬದಲಿ ಮೆಮೊರಿ, ಬದಲಿ ಪವರ್ ಸಪ್ಲೈ, ಟೆಸ್ಟರು ಎಲ್ಲ ಚೀಲಕ್ಕೆ ತುಂಬಿಕೊಂಡ.

ಭಾವನ ಮನೆ ಮೂರನೇ ಮಹಡಿಯಲ್ಲಿತ್ತು. ಮೆಟ್ಟಿಲ ಮೇಲೆ ಬಲ್ಬು ಹೋಗಿ ಎಷ್ಟು ಕಾಲವಾಗಿತ್ತೋ. ಬಾಗಿಲು ತೆರೆದ ಭಾವ "ಬಾ" ಎನ್ನದೆ ಪಕ್ಕಕ್ಕೆ ಸರಿದು ನಿಂತ. ಒಳಕೋಣೆಯ ಕಿಟಕಿಗೆ ಎದುರು ಕಟ್ಟಡದ ಗೋಡೆ ಅಡ್ಡ ಬಂದು, ಹಗಲಲ್ಲೂ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಮೇಜಿನ ಮೇಲೆ ಅರ್ಧ ಕಟ್ಟಿದ ಪುಸ್ತಕದ ಹಾಳೆಗಳು ಹರಡಿದ್ದವು. ಅಕ್ಕ ಗೋಡೆಗೊರಗಿ ನಿಂತಿದ್ದಳು. ಮೊಣಕೈ ಮೂಳೆ ಎದ್ದು ಕಾಣುತ್ತಿತ್ತು, ಕಣ್ಣ ಕೆಳಗೆ ಕಪ್ಪು. ತಮ್ಮನನ್ನು ಕಂಡ ಕೂಡಲೇ ಮುಖ ಹೇಗೆ ಅರಳಿತೆಂದರೆ, ಭಾವನಿಗೆ ಕಾಣದಿರಲೆಂದು ಅವಳೇ ಬೇಗ ತಲೆ ತಗ್ಗಿಸಿದಳು.

"ಏನಾಯ್ತಕ್ಕ?"

"ಫ್ಯಾನೆಲ್ಲ ತಿರುಗುತ್ತೆ ಕಣೋ. ಪರದೆ ಮೇಲೆ ಏನೂ ಬರಲ್ಲ. ನೀನು ನಿಧಾನವಾಗಿ ನೋಡು, ಅವಸರ ಏನಿಲ್ಲ."

"ಅವಸರ ಇದೆ," ಎಂದ ಭಾವ. ಎಂದಿನಂತೆ ಬಾಗಿಲ ಬಳಿ, ತಂತಿಗಳಿಂದ ಆದಷ್ಟು ದೂರ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಅಚ್ಚಿನ ಹಾಳೆ ಹರಡಿಕೊಂಡ. ಕಣ್ಣು ಹಾಳೆಯ ಮೇಲೆ, ಕಿವಿ ಮಾತ್ರ ಇವರ ಕಡೆಗೆ.

ಕಂಪ್ಯೂಟರಿನ ಡಬ್ಬವನ್ನು ತಮ್ಮ ನೆಲಕ್ಕಿಳಿಸಿ ಪಕ್ಕದ ತಗಡು ತೆಗೆದ. ಅಕ್ಕ ಟಾರ್ಚು ಹಿಡಿದು ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ಇಬ್ಬರ ತಲೆಯೂ ಡಬ್ಬದ ಮೇಲೆ ಬಾಗಿದಾಗ ಎರಡು ಪಿಸುಮಾತಿಗೆ ಜಾಗ ಸಿಗುತ್ತಿತ್ತು.

"ಅಮ್ಮನ ಕಾಲು?"

"ಏಳಕ್ಕೇ ಆಗ್ತಿಲ್ಲ."

"ಊಟ ಮಾಡ್ತಾಳಾ?"

"ನಿನ್ನನ್ನೇ ಕೇಳ್ತಾಳೆ."

ಭಾವ ಕೆಮ್ಮಿದ. ತಮ್ಮ ಕೂಡಲೇ ದನಿ ಎತ್ತಿ ಕೆಲಸದ ಮಾತಿಗೆ ಬಂದ.

ಇಲ್ಲಿ ಅವನ ಅಂಗಡಿಯ ಒಂದು ಕಟ್ಟಳೆ ಹೇಳಲೇಬೇಕು. ಅಲ್ಲಿನ ಯಜಮಾನರದು ಒಂದೇ ಪಾಠ: ಕೈ ಮಾಡುವುದನ್ನು ಬಾಯಿ ಹೇಳುತ್ತಿರಬೇಕು. ಯಾವ ವೈರು ಕಿತ್ತೆ, ಯಾವುದನ್ನು ಹಾಕಿದೆ, ಏನು ಕಂಡಿತು, ಎಲ್ಲವನ್ನೂ ಜೋರಾಗಿ ಆಡಬೇಕು. "ಬಾಯಲ್ಲಿ ಬರದೇ ಇದ್ದದ್ದನ್ನ ಕೈ ಮಾಡೇ ಇಲ್ಲ ಅಂತ ಲೆಕ್ಕ," ಎಂದು ತಲೆಗೆ ಮೊಟಕಿ ಕಲಿಸಿದ್ದರು. ಹೊಸಬರಿಗೆ ಆ ಅಂಗಡಿ ಹುಚ್ಚರ ಸಂತೆಯ ಹಾಗೆ ಕಾಣುತ್ತಿತ್ತು, ಎಲ್ಲರೂ ತಮ್ಮಷ್ಟಕ್ಕೆ ತಾವೇ ಒದರುತ್ತಿದ್ದರು. ಆದರೆ ಅಲ್ಲಿ ಮರೆತುಹೋದ ಸ್ಕ್ರೂ ಎಂಬುದೇ ಇರಲಿಲ್ಲ. ತಮ್ಮನಿಗೆ ಈಗ ಬಾಯಿ ಮುಚ್ಚಿಕೊಂಡು ಕೆಲಸ ಮಾಡು ಎಂದರೆ ಕೈಯೇ ಓಡುತ್ತಿರಲಿಲ್ಲ.

"ಪರದೆಯ ವೈರು ನೋಡ್ದೆ, ಬಿಗಿಯಾಗಿದೆ. ಮೆಮೊರಿ ತೆಗೀತಿದೀನಿ. ಅದರ ಪಿನ್ನೆಲ್ಲ ಒರೆಸ್ದೆ. ವಾಪಸ್ ಹಾಕ್ದೆ, ಎರಡೂ ಕಡೆ ಕ್ಲಿಪ್ಪು ಟಕ್ ಅಂತು. ಆನ್ ಮಾಡ್ತಿದೀನಿ. ಫ್ಯಾನ್ ತಿರುಗ್ತು. ಪರದೆ ಕಪ್ಪು. ಮೆಮೊರಿ ಅಲ್ಲ."

"ಹೋದ ಸಲ ಮೆಮೊರಿನೇ ಅಂದಿದ್ದೆ," ಎಂದ ಭಾವ ಹಾಳೆಯಿಂದ ತಲೆಯೆತ್ತದೆ.

"ಹೌದು ಭಾವ. ಹೋದ ಸಲ ಮೆಮೊರಿ ಪಟ್ಟಿ ಒಂದು ಅರ್ಧ ಮೇಲೆದ್ದಿತ್ತು."

"ಅದಕ್ಕೂ ಮುಂಚೆ ಬಟನ್ನಿನ ವೈರು ಅಂದೆ. ಅದಕ್ಕೂ ಮುಂಚೆ ಇನ್ನೇನೋ. ಮುದುಕನ ಹಲ್ಲಿನ ಹಾಗೆ ಒಂದೊಂದೇ ಉದುರ್ತಿದೆ ನೋಡು ನೀನು ಕಟ್ಟಿದ್ದು."

ತಮ್ಮನ ಕಿವಿ ಬಿಸಿಯಾಯಿತು. ಅಕ್ಕ ಮೆಲ್ಲಗೆ, "ಹಳೇದಾಯ್ತಲ್ಲ, ಅದಕ್ಕೇ ಇರಬೇಕು. ಇನ್ನೊಂದ್ಸಲ ಮೆಮೊರಿ ತೆಗೆದು ಹಾಕೋ, ಸರಿಹೋದೀತು," ಎಂದಳು. ಹೇಳುವಾಗ ಟಾರ್ಚಿನ ಬೆಳಕು ಡಬ್ಬದ ಮೇಲಿನ ಮೂಲೆಯಿಂದ ಜಾರಿ ಕೆಳಗಿಳಿಯಿತು.

"ಹಳೇದೂ ಇಲ್ಲ ಏನೂ ಇಲ್ಲ. ನಾನು ಕಟ್ಟಿದ್ದು ಹೀಗೆಲ್ಲ ಕೆಡಲ್ಲ. ಟಾರ್ಚು ಸರಿಯಾಗಿ ಹಿಡಿ ಅಕ್ಕ, ಎಲ್ಲೆಲ್ಲೋ ಬಿಡ್ತೀಯ!" ಎಂದು ಅವಳನ್ನೇ ಗದರಿದ.

ಅಯ್ಯೋ ಪುಣ್ಯಾತ್ಮ, ಅಲ್ಲಿಗೇ ನಿಲ್ಲಿಸಬಾರದಿತ್ತೇ? ನಿಲ್ಲಿಸಲಿಲ್ಲ. ಪವರ್ ಸಪ್ಲೈ ಕಿತ್ತು, ಹಸಿರು ವೈರಿಗೂ ಕಪ್ಪು ವೈರಿಗೂ ಪೇಪರ್ ಕ್ಲಿಪ್ಪು ಕೊಟ್ಟು ಓಡಿಸಿ ನೋಡಿದ. ಅದು ಚೆನ್ನಾಗಿಯೇ ಓಡಿತು. "ಕರೆಂಟು ಕೊಡೋದು ಸರಿಯಾಗೇ ಕೊಡ್ತಿದೆ," ಎಂದು ಒದರಿದ. ಆಮೇಲೆ ಮದರ್‌ಬೋರ್ಡನ್ನೇ ಡಬ್ಬದಿಂದ ಹೊರಗೆ ತೆಗೆದು, ರಟ್ಟಿನ ಮೇಲೆ ಬರಿಮೈಯಲ್ಲಿ ಮಲಗಿಸಿ, ಬೇಕೇಬೇಕಾದ್ದನ್ನಷ್ಟೇ ಒಂದೊಂದಾಗಿ ಕೊಟ್ಟು ನೋಡುವುದೆಂದು ನಿರ್ಧರಿಸಿದ. ಕಗ್ಗಂಟಾದ ರೋಗಕ್ಕೆ ಅಂಗಡಿಯಲ್ಲಿ ಮಾಡುವ ಕೊನೆಯ ಪರೀಕ್ಷೆ ಅದು.

"ಇಷ್ಟೆಲ್ಲ ಯಾಕೋ ಬಿಚ್ತೀಯ?" ಅಕ್ಕನ ದನಿ ಒಣಗಿತ್ತು. "ಇವತ್ತು ಬಿಟ್ಟು ನಾಳೆ ಬಂದು ನೋಡು ಬೇಕಾದ್ರೆ."

"ಇವತ್ತೇ ಹಿಡೀತೀನಿ."

ಬೋರ್ಡಿನ ವೈರುಗಳನ್ನು ಒಂದೊಂದಾಗಿ ಬಿಡಿಸುತ್ತಾ ಬಂದ. ಮೇಲಿನ ಮೂಲೆಯಲ್ಲಿ, ಪ್ರಾಸೆಸರಿನ ದೊಡ್ಡ ಫ್ಯಾನಿನ ಮರೆಯಲ್ಲಿ ಒಂದು ಚೌಕ ಪ್ಲಗ್ಗಿತ್ತು. ಪ್ರಾಸೆಸರಿಗೆ ಕರೆಂಟು ಕೊಡುವುದು ಅದೇ. ಅದು ಬಿಟ್ಟುಹೋದರೆ ಫ್ಯಾನುಗಳು ತಿರುಗುತ್ತವೆ, ಪರದೆಯ ಮೇಲೆ ಏನೂ ಬರುವುದಿಲ್ಲ. ಆದರೆ ಪ್ಲಗ್ಗು ತನ್ನ ಜಾಗದಲ್ಲಿ ನೆಟ್ಟಗೆ ಕೂತಿತ್ತು. ಅದರ ಕೊಕ್ಕೆಯನ್ನು ಒತ್ತಿ ಎಳೆಯಬೇಕೆಂದು ಎರಡು ಬೆರಳು ಇಟ್ಟ. ಒತ್ತುವ ಮೊದಲೇ ಪ್ಲಗ್ಗು ಕೈಗೆ ಬಂದುಬಿಟ್ಟಿತು.

"ಅರೆ! ಒತ್ತದೇನೇ ಬಂತಲ್ಲ ಇದು!"

ಸಂಭ್ರಮ ನೋಡಬೇಕಿತ್ತು ಅವನದು. ಅಷ್ಟು ಕಾಲ ನುಂಗಿಕೊಂಡಿದ್ದ ಅವಮಾನವೆಲ್ಲ ಒಟ್ಟಿಗೆ ಬಾಯಿಗೆ ಬಂತು.

"ಭಾವ, ಸ್ವಲ್ಪ ಇಲ್ಲಿ ಬನ್ನಿ. ಹೆದರ್ಬೇಡಿ, ಕರೆಂಟು ತೆಗೆದಿದೀನಿ. ಇಲ್ಲಿ ನೋಡಿ, ಈ ಕೊಕ್ಕೆ ಕಾಣ್ತಿದೆಯಾ? ಇದನ್ನ ಉಗುರು ಹಾಕಿ ಒತ್ತಿ ಎಳೆದ್ರೇನೇ ಇದು ಈಚೆ ಬರೋದು. ಅಲುಗಾಡಿದ್ರೆ ಬರಲ್ಲ, ಬಿಸಿಯಾದ್ರೆ ಬರಲ್ಲ, ಧೂಳಿಗೆ ಬರಲ್ಲ. ನಾನೇ ಕೂರಿಸಿದ್ದು, ಟಕ್ ಅಂದಿದ್ದು ನನ್ನ ಕಿವೀಲಿ ಇನ್ನೂ ಇದೆ. ತಾನಾಗಿ ಬಿಚ್ಚಿಕೊಳ್ಳೋ ಮಾತೇ ಇಲ್ಲ. ಯಾರೋ ಬಿಚ್ಚಿದಾರೆ. ಬಿಚ್ಚಿ, ಗೊತ್ತಾಗಬಾರದು ಅಂತ ಸುಮ್ಮನೆ ಮೇಲೆ ಕೂರಿಸಿದಾರೆ. ನನ್ನ ಕೆಲಸದಲ್ಲಿ ಎಳ್ಳಷ್ಟೂ ತಪ್ಪಿಲ್ಲ ಭಾವ!"

ಭಾವ ಹಾಳೆಗಳನ್ನು ಕುರ್ಚಿಯ ಮೇಲಿಟ್ಟು ಎದ್ದು ಬಂದ. ಆ ಡಬ್ಬದ ಹತ್ತಿರ ಅವನು ಬಂದದ್ದು ಅದೇ ಮೊದಲು. ಬಗ್ಗಿ, ಕೈ ಹಿಂದೆ ಕಟ್ಟಿಕೊಂಡು, ಕೊಕ್ಕೆಯನ್ನು ಸಾವಕಾಶವಾಗಿ ನೋಡಿದ.

"ಹೋದ ಸಲದ ಮೆಮೊರಿ?"

"ಅದಕ್ಕೂ ಎರಡು ಕಡೆ ಕ್ಲಿಪ್ಪಿದೆ ಭಾವ, ಅದೂ ತಾನಾಗಿ..."

ಟಾರ್ಚಿನ ಬೆಳಕು ಡಬ್ಬದಿಂದ ಜಾರಿ ನೆಲಕ್ಕೆ ಬಿದ್ದದ್ದನ್ನು ತಮ್ಮ ಆಗ ನೋಡಿದ. ತಲೆಯೆತ್ತಿದ. ಅಕ್ಕ ಅವನನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಸಿಟ್ಟಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಸಿಟ್ಟಿರಲಿಲ್ಲ. ಇನ್ನು ಮುಗಿಯಿತು ಎನ್ನುವವರ ಮುಖ ಅದು. ಇಷ್ಟು ಸಲ ಎದುರಿಗೆ ಕೂತು ಟಾರ್ಚು ಹಿಡಿದವಳಿಗೆ, ಯಾವ ವೈರು ಕಿತ್ತರೆ ಏನಾಗುತ್ತದೆ ಎಂದು ತಾನೇ ಬಾಯಿ ಬಿಟ್ಟು ಪಾಠ ಹೇಳಿಕೊಟ್ಟಿದ್ದೆ ಎನ್ನುವುದು ಆಗ ಅವನಿಗೆ ಹೊಳೆಯಿತು.

"ಅಂದ್ರೆ... ಒಮ್ಮೊಮ್ಮೆ ಬಿಚ್ಚಿಕೊಳ್ಳೋದೂ ಉಂಟು ಭಾವ," ಎಂದ. "ಈ ಕಂಪನಿಯ ಪ್ಲಗ್ಗುಗಳು ಅಷ್ಟೇನೂ ಗಟ್ಟಿ ಇರಲ್ಲ. ಬಿಸಿಗೆ ಕೊಕ್ಕೆ ಸಡಿಲ ಆಗಿ..."

"ಬಿಸಿಗೆ ಬರಲ್ಲ ಅಂದ್ಯಲ್ಲ ಈಗ ತಾನೇ?"

"ಅಲ್ಲ, ನಾನು ಹೇಳಿದ್ದು..."

"ಈ ಮನೇಲಿ ಇರೋರು ಇಬ್ರು," ಎಂದ ಭಾವ. ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. "ನಾನು ಇದರ ಹತ್ರಾನೂ ಸುಳಿಯಲ್ಲ. ಅದು ನಿನಗೂ ಗೊತ್ತು."

ತಮ್ಮ ಇನ್ನೊಂದು ಸುಳ್ಳು ಹುಡುಕುತ್ತಿದ್ದ. ಇಲಿ ಎನ್ನಲೇ, ತಾನೇ ಹೋದ ಸಲ ಸರಿಯಾಗಿ ಕೂರಿಸಿರಲಿಲ್ಲ ಎನ್ನಲೇ? ಅದನ್ನೇ ಮೊದಲು ಹೇಳಿದ್ದಿದ್ದರೆ ಆಗುತ್ತಿತ್ತು. ತಪ್ಪು ನನ್ನದೇ ಭಾವ ಎಂದು ಒಂದು ಮಾತು ಒಪ್ಪಿಕೊಂಡಿದ್ದರೆ ಅವನ ಮಾನದ ಗಂಟೇನು ಹೋಗುತ್ತಿತ್ತು? ಅಷ್ಟರಲ್ಲಿ ಅಕ್ಕ ಟಾರ್ಚು ಆರಿಸಿ ನೆಲದ ಮೇಲಿಟ್ಟಳು.

"ನಾನೇ ಬಿಚ್ಚಿದ್ದು. ಪ್ರತಿ ಸಲಾನೂ ನಾನೇ," ಎಂದಳು. "ಇವನು ಬರ್ಲಿ ಅಂತ. ನಮ್ಮಮ್ಮ ಬದುಕಿದಾಳೋ ಇಲ್ವೋ ಅಂತ ಕೇಳಬೇಕಿತ್ತು ನನಗೆ. ಇನ್ನು ಯಾರನ್ನ ಕೇಳ್ಲಿ?"

ಭಾವ ಅವಳ ಕಡೆ ತಿರುಗಲೂ ಇಲ್ಲ. "ಮುಚ್ಚು ಅದನ್ನ," ಎಂದ ತಮ್ಮನಿಗೆ.

ತಮ್ಮ ಬೋರ್ಡನ್ನು ಮತ್ತೆ ಡಬ್ಬಕ್ಕೆ ಕೂರಿಸಿದ, ವೈರುಗಳನ್ನು ಹಾಕಿದ. ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದ. ಈ ಪ್ಲಗ್ಗು ಕೂರದಿರಲಿ, ಈ ಹಾಳು ಬೋರ್ಡು ಸುಟ್ಟಾದರೂ ಹೋಗಲಿ ಎಂದು ಒಳಗೊಳಗೇ ಬೇಡಿಕೊಂಡ. ಬಟನ್ ಒತ್ತಿದರೆ ಒಂದೇ ಸಲಕ್ಕೆ ಪರದೆ ಬೆಳಗಿ, ಅಕ್ಕ ಕಟ್ಟುತ್ತಿದ್ದ ಪುಟ ಬಂದು ನಿಂತಿತು. ಅಷ್ಟು ಚೆನ್ನಾಗಿ ಅದು ಎಂದೂ ನಡೆದಿರಲಿಲ್ಲ.

"ಒಳ್ಳೆ ಕೆಲಸಗಾರ ಕಣಯ್ಯ ನೀನು. ಇಷ್ಟು ದಿನ ನಾನೇ ತಪ್ಪು ತಿಳಿದಿದ್ದೆ," ಎಂದ ಭಾವ. ಕೇಳಬೇಕೆಂದು ಆಸೆಪಟ್ಟಿದ್ದ ಮಾತೇ ಅದು. "ನಾಳೆ ಇದನ್ನ ಪ್ರೆಸ್ಸಿಗೆ ಸಾಗಿಸ್ತೀನಿ. ಪುಟ ಕಟ್ಟೋಕೆ ಅಲ್ಲೇ ಯಾರಾದ್ರೂ ಸಿಗ್ತಾರೆ. ಇವಳಿಗೆ ಮನೆ ಕೆಲಸಾನೇ ಬೇಕಾದಷ್ಟಿದೆ. ನಿನಗೂ ಇನ್ಮೇಲೆ ಅಲೆದಾಟ ತಪ್ತು."

"ಭಾವ, ಅಮ್ಮ ಹಾಸಿಗೆ ಹಿಡಿದಿದಾಳೆ. ಒಂದೇ ಒಂದು ಸಲ ಅಕ್ಕನ್ನ ಕಳಿಸಿಕೊಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಸುಳ್ಳು ಹೇಳಿ ಮನೆಯೊಳಗೆ ಕರೆಸಿಕೊಳ್ಳೋಳನ್ನ ಹೊರಗೆ ಬೇರೆ ಕಳಿಸ್ಬೇಕಾ?"

ಆಗ ತಮ್ಮನಿಗೆ ರೋಷ ಉಕ್ಕಿತು. ಅಕ್ಕನ ಕೈ ಹಿಡಿದೆಳೆದ. "ಎದ್ದೇಳಕ್ಕ. ಉಟ್ಟ ಬಟ್ಟೇಲೇ ಬಾ, ಹೋಗೋಣ. ಇದ್ಯಾವ ಸೀಮೆ ಬದುಕು?"

ಅಕ್ಕ ಏಳಲಿಲ್ಲ. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಇವತ್ತು ಬಂದ್ರೆ ನಾಳೆ ಅವರು ಬಂದು ಅಮ್ಮನ ಹಾಸಿಗೆ ಮುಂದೆ ನಿಂತ್ಕೋತಾರೆ. ಅವಳ ಜೀವ ಅದನ್ನ ತಡ್ಕೊಳ್ಳಲ್ಲ ಕಣೋ. ನೀನು ಹೋಗು. ನಾನು ದಪ್ಪ ಆಗಿದೀನಿ ಅಂತ ಹೇಳು," ಎಂದಳು. ಭಾವ ಬಾಗಿಲು ತೆಗೆದು ಹಿಡಿದು ನಿಂತಿದ್ದ. ಬದಲಿ ಸಾಮಾನಿನ ಚೀಲ ಹೆಗಲಿಗೇರಿಸಿಕೊಂಡು ತಮ್ಮ ಕತ್ತಲ ಮೆಟ್ಟಿಲಿಳಿದ. ಎರಡನೇ ಮಹಡಿ ತಲುಪುವ ಮೊದಲೇ ಮೇಲೆ ಚಿಲಕ ಬಿದ್ದ ಸದ್ದಾಯಿತು.

ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದನ್ನು ಜನ ಯಾರನ್ನು ನೋಡಿ ಹೇಳಿದರೋ, ಅವನನ್ನೇ ನೋಡಿ ಹೇಳಿದ ಹಾಗಿತ್ತು. ಅಮ್ಮನಿಗೆ ಏನು ಹೇಳುವುದು? ಕಂಪ್ಯೂಟರ್ ಸರಿಹೋಯಿತು, ಅಕ್ಕ ಚೆನ್ನಾಗಿದ್ದಾಳೆ ಎನ್ನುವುದು. ಮುಂದಿನ ತಿಂಗಳು ಕೇಳಿದರೆ? ಇನ್ನೂ ಕೆಟ್ಟಿಲ್ಲಮ್ಮ ಎನ್ನುವುದು. ಅದರಾಚೆಗೆ ಏನನ್ನೂ ಯೋಚಿಸಲು ಆಗಲಿಲ್ಲ.

ಮನೆಗೆ ಬಂದಾಗ ಅಮ್ಮ ಗೋಡೆಗೆ ದಿಂಬು ಒತ್ತಿಕೊಂಡು ಎದ್ದು ಕೂತಿದ್ದಳು. ಅವನು ಅಕ್ಕನ ಮನೆಗೆ ಹೋದ ದಿನ ಅವಳಿಗೆ ಎಲ್ಲಿಂದಲೋ ತ್ರಾಣ ಬರುತ್ತಿತ್ತು. ಚೀಲ ಕೆಳಗಿಡುವುದಕ್ಕೂ ಬಿಡದೆ, ಕಣ್ಣು ಕಿರಿದು ಮಾಡಿ ನಗುತ್ತಾ ಕೇಳಿದಳು.

"ಏನು ಬಿಚ್ಚಿಟ್ಟಿದ್ಲೋ ಈ ಸಲ?"

ತಮ್ಮ ನಿಂತಲ್ಲೇ ನಿಂತ. "ನಿನಗೆ... ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಚಿಕ್ಕವಳಿದ್ದಾಗ ನಿಮ್ಮಪ್ಪ ಹೊರಗೆ ಹೊರಟ್ರೆ ಒಂದು ಕಾಲಿನ ಚಪ್ಪಲಿ ಬಚ್ಚಿಡ್ತಿದ್ಲು. ಅವರು ಮನೆಯೆಲ್ಲ ಹುಡುಕೋರು, ಸಿಕ್ರೂ ಸಿಗದ ಹಾಗೆ ಮಾಡೋರು. ಅಷ್ಟು ಹೊತ್ತು ಮನೇಲಿದ್ರಲ್ಲ ಅಂತ ಇವಳಿಗೆ ಖುಷಿ." ಅಮ್ಮ ಮಗನ ಮುಖ ನೋಡಿದಳು. ನಗು ಅಲ್ಲಿಗೇ ನಿಂತಿತು. "ನಿನಗೂ ಗೊತ್ತು ಅಂದ್ಕೊಂಡಿದ್ದೆ ಕಣೋ. ಅಕ್ಕ ತಮ್ಮ ಇಬ್ರೂ ಸೇರ್ಕೊಂಡೇ ಆಡ್ತಿದೀರ ಅಂತ ತಿಳಿದಿದ್ದೆ."

ತಮ್ಮ ಅವಳ ಕಾಲ ಬಳಿ ಕುಸಿದು ಕೂತ. ಸುಳ್ಳು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಕೊಕ್ಕೆಯ ವಿಷಯ, ಭಾವನನ್ನು ಹತ್ತಿರ ಕರೆದು ತೋರಿಸಿದ್ದು, ಅಕ್ಕ ಒಪ್ಪಿಕೊಂಡದ್ದು, ಕಂಪ್ಯೂಟರ್ ಪ್ರೆಸ್ಸಿಗೆ ಹೊರಟದ್ದು, ಎಲ್ಲವನ್ನೂ ಅಳುತ್ತಲೇ ಹೇಳಿದ. ಬೈಯುತ್ತಾಳೆ, ಬೈಯಲಿ ಎಂದು ಕಾದ.

ಅಮ್ಮ ಬೈಯಲಿಲ್ಲ. ದಿಂಬಿನಿಂದ ಮೆಲ್ಲಗೆ ಕೆಳಗೆ ಜಾರಿ ಮಲಗಿದಳು. ಅವನ ತಲೆಯ ಮೇಲೆ ಕೈಯಿಟ್ಟಳು.

"ಅಷ್ಟೊಂದು ಚೆನ್ನಾಗಿ ಯಾಕೋ ಮಗ ಕಲ್ತೆ ಈ ಕೆಲಸಾನ?" ಎಂದಳು.